ಚಿಕ್ಕಮಗಳೂರಲ್ಲಿ ಹಳೇ ಮನೆ ನೋಡಿದೀವಿ, ಕೆಳಗಿನ ಕೋಣೆ ಗೋಡೆ ಬಿರುಕು ಬಿಟ್ಟಿದೆ, ತಗೋಬೋದಾ?

ಗಿರಿತಪ್ಪಲು_ಟೀಚರ್

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗತ್ತೆ, ದಯವಿಟ್ಟು ಪೂರ್ತಿ ಓದಿ, ಯಾಕಂದ್ರೆ ನಮ್ ಹತ್ರ ಇರೋ ದುಡ್ಡೆಲ್ಲ ಇದರಲ್ಲೇ ಹಾಕ್ತಿರೋದು.

ನಾವು ಚಿಕ್ಕಮಗಳೂರಲ್ಲೇ ಬಾಡಿಗೆ ಮನೇಲಿದೀವಿ. ನಾನು ಹೈಸ್ಕೂಲ್ ಟೀಚರ್, ನಮ್ಮನೆಯವರು ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಲೆಕ್ಕಪತ್ರ ನೋಡ್ಕೋತಾರೆ, ಅತ್ತೆ ಮಾವ ಜೊತೇಲೇ ಇದಾರೆ. ಊರೊಳಗೇ ಆಸ್ಪತ್ರೆ, ಮಾರ್ಕೆಟ್ಟು, ದೇವಸ್ಥಾನ ಎಲ್ಲಾ ನಡ್ಕೊಂಡು ಹೋಗೋ ದೂರದಲ್ಲಿ ಒಂದು ಹಳೇ ಮನೆ ಮಾರಾಟಕ್ಕಿದೆ ಅಂತ ಗೊತ್ತಾಗಿ ನೋಡ್ಕೊಂಡು ಬಂದ್ವಿ, ಅತ್ತೆಗಂತೂ ನೋಡಿದ ತಕ್ಷಣ ಮನಸ್ಸಿಗೆ ಹಿಡಿಸಿಬಿಟ್ಟಿದೆ. 1978ರ ಆಸುಪಾಸಲ್ಲಿ ಕಟ್ಟಿದ್ದಂತೆ. ಇಳಿಜಾರಿನ ಸೈಟು, ರಸ್ತೆ ಕಡೆಯಿಂದ ನೋಡಿದ್ರೆ ಒಂದೇ ಅಂತಸ್ತು, ಮುಂದೆ ಜಗಲಿ, ಹಂಚಿನ ಮಾಡು, ಒಳಗೆ ಹೊನ್ನೆ ಮರದ ಬಾಗಿಲುಗಳು. ಹಿಂದೆ ಇಳಿದು ಹೋದ್ರೆ ಜಗಲಿ ಮತ್ತೆ ಹಾಲ್ ಅಡಿಗೆ ಬರೋ ಥರ ಒಂದು ದೊಡ್ಡ ಕೋಣೆ, ಮೊದಲು ಕಾಫಿ ಮೂಟೆ ಇಡ್ತಿದ್ರಂತೆ, ಈಗ ಖಾಲಿ. ಆ ಕೋಣೆಗೆ ಮೂರು ಕಡೆ ಮಣ್ಣು, ಹಿತ್ತಲ ಕಡೆ ಮಾತ್ರ ಬಾಗಿಲು ಕಿಟಕಿ.

ತೊಂದರೆ ಇರೋದೇ ಆ ಕೋಣೇಲಿ. ರಸ್ತೆ ಕಡೆ ಗೋಡೆ ಸೈಜುಗಲ್ಲಿಂದು, ಅದಕ್ಕೆ ಸಿಮೆಂಟ್ ಪ್ಲಾಸ್ಟರ್ ಮಾಡಿದಾರೆ, ಅದರಲ್ಲಿ ಸೊಂಟದೆತ್ತರಕ್ಕೆ ಅಡ್ಡಡ್ಡ ಒಂದು ಬಿರುಕು, ಗೋಡೆ ಅರ್ಧಕ್ಕಿಂತ ಜಾಸ್ತಿ ಉದ್ದಕ್ಕೆ ಹೋಗಿದೆ. ಬಲಗಡೆ ಇಟ್ಟಿಗೆ ಗೋಡೇಲಿ ಹಿತ್ತಲ ಮೂಲೆ ಹತ್ರ ಮೆಟ್ಟಿಲು ಮೆಟ್ಟಿಲಾಗಿ ಇನ್ನೊಂದು. ಇವೆರಡು ಬಿಟ್ಟು ಕೂದಲೆಳೆ ಥರದ್ದು ಅಲ್ಲಲ್ಲಿ ಬೇಕಾದಷ್ಟಿದೆ. ಆ ಮನೆ ಓನರ್ ಮಕ್ಕಳೆಲ್ಲ ಬೆಂಗಳೂರಲ್ಲಿ, ಇಲ್ಲಿ ನೋಡ್ಕೊಳೋರು ಯಾರೂ ಇಲ್ಲ, ಅದಕ್ಕೆ ಮಾರ್ತಿದಾರೆ. ಬ್ರೋಕರ್ ಹೇಳೋದು, ಹಳೇ ಮನೆ ಅಂದ್ಮೇಲೆ ಇವೆಲ್ಲ ಇದ್ದಿದ್ದೇ ಮೇಡಂ, ಪುಟ್ಟಿ ಹಾಕಿ ಪೇಂಟ್ ಹೊಡೆದ್ರೆ ಮುಗೀತು ಅಂತ. ನಮ್ ಭಾವ ಹೇಳೋದು, ಪಾಯ ಹೋಗಿರೋ ಮನೆ, ಪುಕ್ಕಟೆ ಕೊಟ್ರೂ ಬೇಡ ಅಂತ. 68 ಲಕ್ಷ ಹೇಳ್ತಿದಾರೆ, ಯುಗಾದಿಯೊಳಗೆ ಅಗ್ರಿಮೆಂಟ್ ಆಗ್ಬೇಕು ಅಂತ ಅವಸರ ಮಾಡ್ತಿದಾರೆ. ಲೋನ್ ತಗೊಂಡೇ ತಗೋಬೇಕು ನಾವು. ಯಾವ ಬಿರುಕಿಗೆ ಹೆದರ್ಬೇಕು ಯಾವುದಕ್ಕೆ ಹೆದರ್ಬಾರ್ದು, ಅಡ್ವಾನ್ಸ್ ಕೊಡೋಕೆ ಮುಂಚೆ ಏನೇನು ನೋಡ್ಬೇಕು, ತಿಳಿದೋರು ಹೇಳಿ.

ಬಸವನಹಳ್ಳಿ_ಮೇಸ್ತ್ರಿ

ಅಕ್ಕ, ಬ್ರೋಕರ್ ಮಾತೂ ಬೇಡ ಭಾವನ ಮಾತೂ ಬೇಡ, ಗೋಡೇನೇ ಕೇಳಿ. ನಾನು ಗಾರೆ ಕೆಲಸದೋನು, ನಮ್ಮಪ್ಪನೂ ಅದೇ ಕೆಲಸ ಮಾಡ್ತಿದ್ರು, ಈ ಊರಲ್ಲಿ ಆ ಕಾಲದ ಮನೆ ತುಂಬಾ ರಿಪೇರಿ ಮಾಡಿದೀವಿ. ಕೂದಲೆಳೆ ಬಿರುಕು ಪ್ಲಾಸ್ಟರಿಂದು, ಅದನ್ನ ಮರ್ತುಬಿಡಿ. ಅಡ್ಡ ಬಿರುಕೇ ನೋಡ್ಬೇಕಾದ್ದು. ಮೊದಲು ಸುತ್ತಿಗೆ ಹಿಡಿಯಿಂದ ಮೆಲ್ಲಗೆ ಬಿರುಕಿನ ಮೇಲೆ ಕೆಳಗೆ ಬಡೀತಾ ಹೋಗಿ, ಟೊಳ್ಳು ಸದ್ದು ಬಂದ್ರೆ ಪ್ಲಾಸ್ಟರ್ ಕಲ್ಲು ಬಿಟ್ಟಿದೆ ಅಂತ, ಆಗ ಆ ಬಿರುಕು ಬರೀ ಮೇಲಿನ ಪದರದ್ದೂ ಆಗಿರ್ಬೋದು. ಹಳೇ ಗೋಡೆ ಮಣ್ಣಲ್ಲೋ ಸುಣ್ಣದ ಗಾರೇಲೋ ಕಟ್ಟಿರ್ತಾರೆ, ಅದರ ಮೇಲೆ ಆಮೇಲೆ ಯಾರೋ ಸಿಮೆಂಟ್ ಬಳಿದಿರ್ತಾರೆ, ಒಳಗಿನ ಥಂಡಿ ಆಚೆ ಬರಕ್ಕೆ ದಾರಿ ಇಲ್ದೆ ಪ್ಲಾಸ್ಟರ್ ದಬ್ಬಿಕೊಂಡು ಬರತ್ತೆ. ಓನರ್ ಒಪ್ಪಿದ್ರೆ ಒಂದು ಅಡಿ ಜಾಗ ಕೆತ್ತಿ ನೋಡಿ, ಕಲ್ಲಿನ ಸಂದೀಲೂ ಬಿರುಕು ಇದೆಯಾ ಅಂತ ಕಣ್ಣಿಗೇ ಕಾಣತ್ತೆ.

ಆಮೇಲೆ ತೂಕದ ಗುಂಡು ಇಳಿಬಿಟ್ಟು ಗೋಡೆ ಹೊಟ್ಟೆ ಬಂದಿದೆಯಾ ನೋಡಿ. ಒಂದು ಕಡೆ ಮಾತ್ರ ನೋಡ್ಬೇಡಿ, ಮೂರ್ನಾಲ್ಕು ಕಡೆ ಇಳಿಬಿಡಿ. ಆ ಗೋಡೆಗೆ ಹೊಸಾ ಡಿಸ್ಟೆಂಪರ್ ಹೊಡೆದಿದಾರಾ, ಬೇರೆ ಗೋಡೆಗೆ ಹೊಡೆದಿಲ್ವಾ? ಹಾಗಿದ್ರೆ ಏನೋ ಮುಚ್ಚಿದಾರೆ. ಮತ್ತೆ ಅಕ್ಕಪಕ್ಕದ ಮನೇಲಿ ವಯಸ್ಸಾದೋರು ಯಾರಾದ್ರೂ ಇದ್ರೆ ಮಳೆಗಾಲದಲ್ಲಿ ಆ ಕೋಣೇಲಿ ಜಲ ಏಳತ್ತಾ, ಅಂದ್ರೆ ನೆಲದಿಂದ ನೀರು ಒಸರತ್ತಾ ಅಂತ ಕೇಳಿ, ಅವ್ರು ಸುಳ್ಳು ಹೇಳಲ್ಲ.

ಜಲ ಏಳ್ತಿದ್ರೆ ಗೋಡೆ ಬುಡದಲ್ಲಿ ಅಲ್ಲಲ್ಲಿ ತೂತು ಹೊಡೆದು ಪೈಪ್ ಇಟ್ರೆ ಹಿಂದಿನ ನೀರು ಇಳಿದು ಹೋಗತ್ತೆ, ಗೋಡೆ ಮೇಲಿನ ಭಾರ ಕಮ್ಮಿ ಆಗತ್ತೆ.

ಹಾಸನ_ಸ್ಟ್ರಕ್ಚರಲ್

ಮೇಸ್ತ್ರಿಗಳು ಹೇಳಿದ್ದು ಬಹಳ ಸರಿಯಾಗಿದೆ, ಕೊನೇದೊಂದು ಬಿಟ್ಟು. ತೂತು ಹೊಡೆದು ಪೈಪ್ ಇಡೋದು ಬಯಲಲ್ಲಿರೋ ತಡೆಗೋಡೆಗೆ ಸರಿ, ಇಲ್ಲಿ ಗೋಡೆ ಈಚೆ ಕೋಣೆ ಇದೆ, ನೀರೆಲ್ಲ ಕೋಣೆ ಒಳಗೇ ಬರತ್ತೆ. ನೀರನ್ನ ಗೋಡೆ ಹತ್ರ ಬರೋಕೆ ಮುಂಚೆನೇ ಆಚೆ ತಿರುಗಿಸ್ಬೇಕು, ಅದನ್ನ ಆಮೇಲೆ ಹೇಳ್ತೀನಿ.

ಮೇಡಂ, ನಾನು ಹಾಸನದಲ್ಲಿ ಸ್ಟ್ರಕ್ಚರಲ್ ಎಂಜಿನಿಯರ್, ಸಕಲೇಶಪುರ, ಆಲೂರು, ನಿಮ್ ಕಡೆ ಎಲ್ಲ ಇಂಥ ಮನೆ ನೋಡೋಕೆ ಕರೀತಾರೆ. ಫೋಟೋನೂ ಇಲ್ದೆ ತಗೊಳ್ಳಿ ಬಿಡಿ ಅಂತ ಹೇಳೋಕಾಗಲ್ಲ, ಆದ್ರೆ ನೀವು ಬರೆದಿರೋದ್ರಲ್ಲೇ ಅರ್ಧ ವಿಷಯ ಇದೆ. ಬಿರುಕು ಯಾವ ದಿಕ್ಕಿಗೆ ಹೋಗಿದೆ ಅನ್ನೋದೇ ಕಾರಣ ಹೇಳತ್ತೆ. ಮಣ್ಣು ತಡೆಯೋ ಗೋಡೆ ಮಧ್ಯದಲ್ಲಿ ಅಡ್ಡಡ್ಡ ಬಿರುಕು ಬಂದ್ರೆ ಹಿಂದಿನಿಂದ ದೂಡ್ತಿದೆ ಅಂತ. ಮೆಟ್ಟಿಲು ಮೆಟ್ಟಿಲಾಗಿ ಇಟ್ಟಿಗೆ ಸಂದೀಲಿ ಬಂದ್ರೆ ಪಾಯ ಒಂದು ಕಡೆ ಇಳಿದಿದೆ ಅಂತ. ನಿಮ್ಮ ಮನೇಲಿ ಎರಡೂ ಇದೆ, ಮತ್ತೆ ಎರಡಕ್ಕೂ ಕಾರಣ ಬೇರೆ ಬೇರೆ ಇರ್ಬೋದು, ಒಂದೇ ಅಂತ ಅಂದ್ಕೋಬೇಡಿ.

ದೂಡೋದು ಮಣ್ಣಿಗಿಂತ ಜಾಸ್ತಿ ನೀರು. ಲೆಕ್ಕ ಹೇಳ್ತೀನಿ ನೋಡಿ, ಎಂಟಡಿ ಗೋಡೆ ಹಿಂದೆ ಮಳೆಗಾಲದಲ್ಲಿ ಮೇಲಿನ ತನಕ ನೀರು ನಿಂತ್ರೆ ಬುಡದಲ್ಲಿ ಒಂದು ಚದರ ಮೀಟರಿಗೆ ಹತ್ತಿರ ಹತ್ತಿರ 2.4 ಟನ್ ಒತ್ತಡ, ಗೋಡೆ ಒಂದು ಮೀಟರ್ ಉದ್ದಕ್ಕೆ ಬರೀ ನೀರಿಂದೇ ಸುಮಾರು 3 ಟನ್ ದೂಡತ್ತೆ. ಮಣ್ಣಿನ ಭಾರ ಇದಕ್ಕೆ ಸೇರ್ಸಿ. 1978ರಲ್ಲಿ ಮನೆ ಕಟ್ಟಿದ ಮೇಸ್ತ್ರಿ ಎರಡಡಿ ದಪ್ಪ ಕಲ್ಲುಗೋಡೆ ಕಟ್ಟಿದ್ರೆ ಮಣ್ಣಿಗೆ ಅದು ಸಾಕಾಗಿರತ್ತೆ. ನೀರು ಬಸಿದು ಹೋಗೋ ದಾರಿ ಮುಚ್ಚಿದ ದಿನದಿಂದ ಅದೇ ಗೋಡೆ ಸಾಕಾಗಲ್ಲ. ಹಂಗಾಗಿ ಗೋಡೆ ನೋಡೋಕೆ ಮುಂಚೆ ಮೇಲೆ ರಸ್ತೆ ಕಡೆ ಹೋಗಿ ನಿಂತ್ಕೊಳ್ಳಿ. ಹಂಚಿನ ಸೂರಿನ ನೀರು ಎಲ್ಲಿ ಬೀಳತ್ತೆ, ಆ ನೀರು ಹಿಡಿಯೋಕೆ ಸೂರಿನಂಚಿಗೆ ದೋಣಿ ಹಾಕಿದಾರಾ, ಅದರ ಪೈಪು ಎಲ್ಲಿ ಕೊನೆ ಆಗತ್ತೆ, ರಸ್ತೆ ಚರಂಡಿ ಒಡೆದಿದೆಯಾ, ಮನೆ ಮುಂದಿನ ಅಂಗಳ ಮನೆ ಕಡೆಗೇ ಇಳಿಜಾರಿದೆಯಾ, ಪಕ್ಕದ ಮನೆ ಬಚ್ಚಲ ನೀರು ಎಲ್ಲಿ ಇಂಗತ್ತೆ, ಇದೆಲ್ಲ ನೋಡಿ.

ಅಗಲ ಅಳೆಯೋಕೆ ಸುಲಭದ ದಾರಿ: ಎಟಿಎಂ ಕಾರ್ಡು 0.76 ಮಿಲಿಮೀಟರ್ ದಪ್ಪ ಇರತ್ತೆ. ಒಂದು ಕಾರ್ಡೂ ಹೋಗಲ್ಲ ಅಂದ್ರೆ ಸಣ್ಣದು. ಬ್ಯೂರೋ ಆಫ್ ಇಂಡಿಯನ್ ಸ್ಟ್ಯಾಂಡರ್ಡ್ಸ್‌ನೋರ 1984ರ ಕೈಪಿಡಿ ಎಸ್‌ಪಿ 25ರ ಪ್ರಕಾರ 1 ಮಿಲಿಮೀಟರ್ ಒಳಗಿದ್ರೆ ತೆಳು ಬಿರುಕು, 1ರಿಂದ 2 ಮಧ್ಯಮ, 2 ದಾಟಿದ್ರೆ ಅಗಲದ್ದು. ಮೂರು ಕಾರ್ಡು ಜೋಡಿಸಿ ತೂರಿಸಿದ್ರೆ ಹೋಗತ್ತೆ ಅಂದ್ರೆ ಅಗಲದ ಲೆಕ್ಕಕ್ಕೆ ಬಂತು. ಆದ್ರೆ ಅಗಲಕ್ಕಿಂತ ಮುಖ್ಯವಾದ್ದು ಅದು ಇನ್ನೂ ಬೆಳೀತಿದೆಯಾ ನಿಂತಿದೆಯಾ ಅನ್ನೋದು. ಒಂದು ಮಿಲಿಮೀಟರಿಂದು ವರ್ಷಾವರ್ಷ ಬೆಳೀತಿದ್ರೆ ಅದು ನಲವತ್ತು ವರ್ಷದಿಂದ ಹಾಗೇ ಇರೋ ನಾಲ್ಕು ಮಿಲಿಮೀಟರ್ ಬಿರುಕಿಗಿಂತ ಕೆಟ್ಟದ್ದು. ಟಾರ್ಚ್ ಬಿಟ್ಟು ಬಿರುಕಿನ ಒಳಗೆ ನೋಡಿ. ಒಳಗೆ ಹಳೇ ಸುಣ್ಣ, ಬಣ್ಣ, ಜೇಡರ ಬಲೆ, ಧೂಳು ಇದ್ರೆ ಹಳೇದು. ಅಂಚು ಚೂಪಾಗಿ ಬೆಳ್ಳಗೆ ಕಾಣ್ತಿದ್ರೆ ಹೊಸದು. ಮೆಟ್ಟಿಲು ಬಿರುಕು ಮೇಲ್ಗಡೆ ಅಗಲನಾ ಕೆಳಗಡೆ ಅಗಲನಾ ಅಂತಾನೂ ನೋಡ್ಕೊಂಡು ಬನ್ನಿ. ಮೇಲ್ಗಡೆ ಅಗಲ ಇದ್ರೆ ಮೂಲೆ ಆಚೆ ಕಡೆಗೆ ವಾಲಿಕೊಂಡು ಇಳಿದಿರೋ ಸಾಧ್ಯತೆ ಜಾಸ್ತಿ.

ಇನ್ನೊಂದು, ಮನೆ ಒಳಗೆ ಬಾಗಿಲು ಕಿಟಕಿ ಎಲ್ಲ ಒಂದೊಂದಾಗಿ ತೆಗೆದು ಮುಚ್ಚಿ ನೋಡಿ. ಮೂಲೆ ಇಳೀತಿರೋ ಮನೇಲಿ ಮೇಲಿನ ಬಾಗಿಲು ಚೌಕಟ್ಟಿಗೆ ಹಿಡ್ಕೊಳತ್ತೆ, ಚೌಕಟ್ಟಿನ ಮೇಲ್ಮೂಲೇಲಿ ಓರೆ ಬಿರುಕು ಇರತ್ತೆ. ಮೇಲೆ ಏನೂ ಇಲ್ಲ ಅಂದ್ರೆ ಅರ್ಧ ಸಮಾಧಾನ.

ಗಿರಿತಪ್ಪಲು_ಟೀಚರ್

ಇಬ್ರಿಗೂ ತುಂಬಾ ತುಂಬಾ ಧನ್ಯವಾದ. ಭಾನುವಾರ ನಮ್ ಪರಿಚಯದ ಮೇಸ್ತ್ರಿ ಒಬ್ರನ್ನ ಕರ್ಕೊಂಡು ಹೋಗಿ ನೀವು ಹೇಳಿದ್ದೆಲ್ಲ ನೋಡ್ಕೊಂಡು ಬಂದ್ವಿ. ಓನರ್ ಮಗಳು ಫೋನಲ್ಲೇ ಒಪ್ಪಿದ್ರು, ಕೆತ್ತಿ ನೋಡಿ ಆಂಟಿ ಪರವಾಗಿಲ್ಲ ಅಂತ, ಅದು ನಂಗೆ ಒಳ್ಳೇದನ್ನಿಸ್ತು.

ಅಡ್ಡ ಬಿರುಕಿಗೆ ಒಂದು ಕಾರ್ಡು ಕಷ್ಟದಲ್ಲಿ ಹೋಗತ್ತೆ. ಕೆತ್ತಿದ ಜಾಗದಲ್ಲಿ ಕಲ್ಲಿನ ಸಂದೀಲೂ ಬಿರುಕು ಇದೆ, ಅಂದ್ರೆ ಬರೀ ಪ್ಲಾಸ್ಟರ್ ಅಲ್ಲ. ಗುಂಡು ಇಳಿಬಿಟ್ಟಾಗ ಮಧ್ಯದಲ್ಲಿ ಅರ್ಧ ಇಂಚಿಗಿಂತ ಚೂರು ಜಾಸ್ತಿ ಮುಂದೆ ಬಂದಿದೆ, ಎರಡು ಕಡೆ ಹಾಗೆ, ಒಂದು ಕಡೆ ಏನೂ ಇಲ್ಲ. ಗೋಡೇಲಿ ನೆಲದಿಂದ ಮೊಣಕಾಲೆತ್ತರದ ತನಕ ಬಿಳೀ ಉಪ್ಪು ಬಿಟ್ಟಿದೆ, ಒಂದು ಗೆರೆ ಎಳೆದಂಗೆ ಅಲ್ಲಿಗೆ ನಿಂತಿದೆ. ಡಿಸ್ಟೆಂಪರ್ ಹೊಸದೇ, ಆದ್ರೆ ನಾಲ್ಕೂ ಗೋಡೆಗೆ ಹೊಡೆದಿದಾರೆ.

ಮೇಲೆ ರಸ್ತೆ ಕಡೆ ನೋಡಿದ್ದು ನಿಜವಾಗ್ಲೂ ಕಣ್ಣು ತೆರೆಸಿತು. ಸೂರಿಗೆ ತಗಡಿನ ದೋಣಿ ಇದೆ, ಆದ್ರೆ ಅದರ ಪೈಪು ಅರ್ಧಕ್ಕೆ ಮುರಿದು ನೇರ ಜಗಲಿ ಪಕ್ಕದ ಹೂವಿನ ಪಾತಿಗೆ ಬೀಳೋ ಹಂಗಿದೆ, ಆ ಪಾತಿ ಸರಿಯಾಗಿ ಆ ಗೋಡೆ ಮೇಲೇ ಇದೆ. ರಸ್ತೆ ಎತ್ತರ ಮಾಡಿ ಮಾಡಿ ಅಂಗಳ ಈಗ ರಸ್ತೆಗಿಂತ ಕೆಳಗೆ ಹೋಗಿದೆ, ಮಳೆ ಬಂದ್ರೆ ರಸ್ತೆ ನೀರೂ ಒಳಗೆ ಬರ್ಬೋದು. ಪಕ್ಕದ ಮನೆ ಅಜ್ಜಿ ಹೇಳಿದ್ದು, ಮೊದಲು ಅಲ್ಲಿ ಜಲ ಏಳ್ತಿರ್ಲಿಲ್ಲ, ರಸ್ತೆ ಮೇಲೆತ್ತಿದ ಮೇಲೆ ಶುರುವಾಯ್ತು ಅಂತ.

ಮೆಟ್ಟಿಲು ಬಿರುಕು ಮೇಲ್ಗಡೆ ಅಗಲ, ಮೂರು ಕಾರ್ಡು ಆರಾಮಾಗಿ ಹೋಗತ್ತೆ, ಒಳಗೆ ತುಂಬಾ ಧೂಳು, ಹಳೇ ನೀಲಿ ಸುಣ್ಣ ಇದೆ. ಆ ಮೂಲೆ ಹತ್ರ ಹಿಂದೆ ಸೆಪ್ಟಿಕ್ ಗುಂಡಿ ಇತ್ತಂತೆ, ಯುಜಿಡಿ (ಊರಿನ ಒಳಚರಂಡಿ) ಬಂದ್ಮೇಲೆ ಮುಚ್ಚಿದಾರೆ. ಮೇಲಿನ ಬಾಗಿಲುಗಳೆಲ್ಲ ಸಲೀಸಾಗಿ ಹಾಕ್ಕೊಳತ್ತೆ.

ಕೊಟ್ಟಿಗೆಹಾರ_ಕಡೆಯವ

ಮೇಡಂ ನೀವು ಇದನ್ನೆಲ್ಲ ಬೇಸಿಗೇಲಿ ನೋಡ್ತಿದೀರಿ ಅನ್ನೋದು ನೆನಪಿರ್ಲಿ ಮಾರಾಯ್ರೆ. ಮಾರ್ಚಲ್ಲಿ ಎಲ್ಲ ಗೋಡೇನೂ ಒಣಗಿರತ್ತೆ. ಪುನರ್ವಸು, ಪುಷ್ಯ ಮಳೆ ಹಿಡಿದು ಹಗಲೂ ರಾತ್ರಿ ಬಿಡದೆ ಸುರಿಯೋವಾಗ ಹೋಗಿ ನೋಡಿ, ಆಗ ಗೋಡೆ ನಿಜ ಹೇಳತ್ತೆ. ನಮ್ ಕಡೆ ಮೂಡಿಗೆರೆ ತಾಲೂಕಲ್ಲಿ 2019ರ ಆಗಸ್ಟಲ್ಲಿ ಆದದ್ದು ನೀವೂ ಕೇಳಿರ್ತೀರಿ, ಧರೆ (ಗುಡ್ಡದ ಕಡಿದಾದ ಮಣ್ಣಿನ ಬದಿ) ಜರಿದು ಮನೆ ತೋಟ ಎಲ್ಲ ಹೋಯ್ತು. ಅಂಥದ್ದು ಚಿಕ್ಕಮಗಳೂರು ಪೇಟೇಲಿ ಆಗತ್ತೆ ಅಂತ ಹೆದರಿಸ್ತಿಲ್ಲ, ಅಲ್ಲಿ ಮಳೆನೂ ಕಮ್ಮಿ ಇಳಿಜಾರೂ ಕಮ್ಮಿ. ಆದ್ರೆ ಒಂದು ನೋಡಿ, ನಮ್ಮಲ್ಲಿ ಎಷ್ಟೋ ಕಡೆ ಧರೆ ಜರಿಯೋಕೆ ಮಳೆ ಒಂದೇ ಕಾರಣ ಅಲ್ಲ, ಜೆಸಿಬಿ ತಂದು ಧರೆನ ಗೋಡೆ ಥರ ನೇರ ಕಡಿದು ಬಿಟ್ಟಿರ್ತಾರೆ, ಕಡಿದ ವರ್ಷ ಏನೂ ಆಗಲ್ಲ, ಮುಂದೆ ಯಾವುದೋ ಒಂದು ಮಳೆಗೆ ಬರತ್ತೆ. ನಿಮ್ಮ ಹಿತ್ತಲು ಇಳಿಜಾರಲ್ಲೇ ಇದೆಯಲ್ಲ, ಅದರ ಕೆಳಗಿನ ಸೈಟು ಯಾರದ್ದು, ಖಾಲಿ ಇದೆಯಾ? ನಾಳೆ ಅವರು ಮನೆ ಕಟ್ಟಕ್ಕೆ ಅಂತ ನಿಮ್ಮ ಪಾಯದ ಬುಡದ ತನಕ ಮಣ್ಣು ಕಡಿದ್ರೆ ಇಳಿದು ನಿಂತಿರೋ ಆ ಮೂಲೆ ಮತ್ತೆ ಇಳಿಯಕ್ಕೆ ಶುರು ಮಾಡತ್ತೆ. ಕೆಳಗಿನೋರ ಹತ್ರ ಈಗಲೇ ಮಾತಾಡಿ, ಅವರ ಪ್ಲಾನ್ ಏನು ಕೇಳಿ.

ಜಿಯಾಲಾಜಿಕಲ್ ಸರ್ವೆ ಆಫ್ ಇಂಡಿಯಾದೋರ ಭೂಕೋಶ್ ಅಂತ ವೆಬ್‌ಸೈಟ್ ಇದೆ, ಭೂಕುಸಿತ ಆಗೋ ಸಾಧ್ಯತೆ ಎಲ್ಲಿ ಜಾಸ್ತಿ ಎಲ್ಲಿ ಕಮ್ಮಿ ಅಂತ ನಕ್ಷೆ ಇದೆ, ನೋಡ್ಕೊಳ್ಳಿ. ಒಂದೊಂದು ಸೈಟಿಗೆ ಹೇಳಲ್ಲ ಅದು, ಆ ಗುಡ್ಡದ ಬಗ್ಗೆ ಒಂದು ಅಂದಾಜು ಸಿಗತ್ತೆ.

ನಂಗೆ ಕೇಳಿದ್ರೆ ಮಳೆಗಾಲ ನೋಡದೆ ದುಡ್ಡು ಕೊಡ್ಬೇಡಿ. ಯುಗಾದಿ ಅಂತ ಅವಸರ ಮಾಡೋರಿಗೆ ದೀಪಾವಳಿ ಅನ್ನಿ. ಆ ಮನೆ ಇನ್ನೊಬ್ರು ತಗೊಂಡ್ರೆ ತಗೊಳ್ಳಿ, ಹಳೇ ಮನೆಗಳು ಬೇಕಾದಷ್ಟು ಮಾರಾಟಕ್ಕಿದಾವೆ.

ಹಾಸನ_ಸ್ಟ್ರಕ್ಚರಲ್

ಟೀಚರ್ ಮೇಡಂ, ಬಹಳ ಚೆನ್ನಾಗಿ ನೋಡಿ ಬರೆದಿದೀರಿ, ಎಷ್ಟೋ ಸಲ ಗುತ್ತಿಗೆದಾರರೂ ಇಷ್ಟು ನೋಡಲ್ಲ.

ಮೊದಲು ಮೂಲೆ ವಿಷಯ. ಇಳಿಜಾರಲ್ಲಿ ಮೇಲ್ಗಡೆ ಕಡಿದ ಮಣ್ಣನ್ನೇ ಕೆಳಗಡೆ ತುಂಬಿ ಮಟ್ಟ ಮಾಡಿ ಮನೆ ಕಟ್ಟೋದು ಮಲೆನಾಡಲ್ಲೆಲ್ಲ ವಾಡಿಕೆ. ಕಡಿದ ಕಡೆ ಗಟ್ಟಿ, ತುಂಬಿದ ಕಡೆ ಕಾಲಕ್ರಮೇಣ ಕುಗ್ಗತ್ತೆ. ನಿಮ್ಮ ಹಿತ್ತಲ ಮೂಲೆ ತುಂಬಿದ ಕಡೆಗೇ ಇದೆ, ಜೊತೆಗೆ ಗುಂಡಿ ನೀರು ವರ್ಷಗಟ್ಟಲೆ ಅಲ್ಲೇ ಇಂಗಿದೆ. ಗುಂಡಿ ಮುಚ್ಚಿದಾರೆ, ಬಿರುಕಿನ ಒಳಗೆ ಹಳೇ ಸುಣ್ಣ ಇದೆ, ಮೇಲಿನ ಬಾಗಿಲು ಹಿಡ್ಕೊಳ್ತಿಲ್ಲ. ಇದೆಲ್ಲ ಸೇರಿ ನೋಡಿದ್ರೆ ಇಳಿಯೋದು ಇಳಿದು ನಿಂತಿದೆ ಅನ್ನೋ ಕಡೆಗೇ ನನ್ನ ಮನಸ್ಸು ವಾಲತ್ತೆ. ನೋಡೋಕೆ ಇದೇ ದೊಡ್ಡ ಬಿರುಕು, ಆದ್ರೆ ಎರಡರಲ್ಲಿ ಸಾಧುವಾದ್ದು ಇದೇ. ಮುಚ್ಚಿದ ಗುಂಡೀಗೆ ಏನು ತುಂಬಿದಾರೆ ಅಂತ ಒಂದು ಕಬ್ಬಿಣದ ಸಲಾಕೆ ಹೊಡೆದು ನೋಡಿ, ಕಸ ಕಡ್ಡಿ ತುಂಬಿದ್ರೆ ತೆಗೆಸಿ ಗಟ್ಟಿ ಮಣ್ಣು ಪದರ ಪದರವಾಗಿ ದಮ್ಮಸ್ಸು ಮಾಡಿಸ್ಬೇಕು.

ಅಡ್ಡ ಬಿರುಕು ಸಣ್ಣದಾಗಿ ಕಂಡ್ರೂ ನಂಗೆ ಯೋಚನೆ ಅದರದ್ದೇ. ಅರ್ಧ ಇಂಚು ಹೊಟ್ಟೆ ಅನ್ನೋದು ಕಲ್ಲುಗೋಡೇಲಿ ಕಟ್ಟೋವಾಗಿನ ಅಂಕುಡೊಂಕೂ ಆಗಿರ್ಬೋದು, ಅದೊಂದರಿಂದಲೇ ತೀರ್ಮಾನ ಮಾಡಲ್ಲ. ಆದ್ರೆ ಕಲ್ಲಿನ ಸಂದೀಲೂ ಬಿರುಕು, ಉಪ್ಪಿನ ಗೆರೆ, ಮುರಿದ ಪೈಪು, ರಸ್ತೆ ಎತ್ತರ ಆಗಿದ್ದು, ಅಜ್ಜಿ ಮಾತು, ಎಲ್ಲ ಒಂದೇ ಕಡೆ ತೋರಿಸ್ತಿವೆ. ನೀರು ಗೋಡೆ ಹಿಂದೆ ಸೇರ್ತಿದೆ. ಅದರಲ್ಲಿ ಒಳ್ಳೇ ವಿಷಯ ಏನಂದ್ರೆ ಕಾರಣ ಮೇಲೇ ಇದೆ, ಕೈಗೆ ಸಿಗತ್ತೆ, ಮನೆ ಅಡಿಯಲ್ಲಿ ಎಲ್ಲೋ ಹುದುಗಿಲ್ಲ.

ಮಾಡ್ಬೇಕಾದ ಕೆಲಸ ಹೀಗೆ. ದೋಣಿ ಪೈಪು ಸರಿ ಮಾಡಿ ಸೂರಿನ ನೀರನ್ನ ಮನೆ ಪಕ್ಕದಿಂದ ಕೆಳಗಿನ ಚರಂಡಿ ತನಕ ತಗೊಂಡು ಹೋಗೋದು, ಹೂವಿನ ಪಾತಿ ತೆಗೆಯೋದು, ಗೋಡೆ ಪಕ್ಕ ಮೂರಡಿ ಅಗಲಕ್ಕೆ ಕಾಂಕ್ರೀಟ್ ಹಾಕಿ ಅಡಿಗೆ ಕಾಲಿಂಚಿಗಿಂತ ಕಮ್ಮಿ ಇಲ್ಲದಂಗೆ ಹೊರಗಡೆಗೆ ಇಳಿಜಾರು ಕೊಡೋದು, ಗೇಟಲ್ಲಿ ರಸ್ತೆ ನೀರು ತಡೆಯೋಕೆ ಅಡ್ಡ ಚರಂಡಿ ಮಾಡಿ ಮೇಲೆ ಜಾಲರಿ ಹಾಕೋದು. ಇಷ್ಟಕ್ಕೇ ಎಷ್ಟೋ ಮನೆ ಒಣಗತ್ತೆ. ಇದಾದ್ಮೇಲೂ ಮಳೆಗಾಲದಲ್ಲಿ ಒಸರು ನಿಲ್ಲಲಿಲ್ಲ ಅಂದ್ರೆ ಆಗ ಗೋಡೆ ಆಚೆ ಬದಿ ಅಗೆದು ಬಸಿಗಾಲುವೆ ಮಾಡ್ಬೇಕು, ತಳದಲ್ಲಿ ತೂತಿರೋ ಪೈಪು, ಸುತ್ತ ಜಲ್ಲಿ, ಜಲ್ಲಿ ಸುತ್ತ ಜಿಯೋಟೆಕ್ಸ್‌ಟೈಲ್ ಬಟ್ಟೆ, ಇಲ್ಲಾಂದ್ರೆ ಎರಡು ಮೂರು ಮಳೆಗೆ ಮಣ್ಣು ಕಟ್ಕೊಳತ್ತೆ. ಆ ಅಗೆತಾನ ಯಾವ ಕಾರಣಕ್ಕೂ ಇಡೀ ಉದ್ದಕ್ಕೆ ಒಂದೇ ಸಲ ಮಾಡಿಸ್ಬೇಡಿ, ಜೆಸಿಬಿನೂ ಬೇಡ, ತುಂಡು ತುಂಡಾಗಿ ಕೈಯಲ್ಲಿ ಅಗೆಸಿ, ಒಂದು ತುಂಡು ಮುಚ್ಚಿದ ಮೇಲೆ ಇನ್ನೊಂದು. ಮಳೆಗಾಲದಲ್ಲಂತೂ ಮುಟ್ಟಲೇ ಬೇಡಿ.

ಒಳಗಡೆಯಿಂದ ವಾಟರ್‌ಪ್ರೂಫ್ ಕೆಮಿಕಲ್ ಬಳಿದ್ರೆ ಆಯ್ತು ಅಂತ ಯಾರಾದ್ರೂ ಬರ್ತಾರೆ, ಕೇಳ್ಬೇಡಿ. ನೀರು ಹಿಂದೆ ನಿಂತು ದೂಡ್ತಿರೋವಾಗ ಮುಂದಿನ ಬಣ್ಣ ಗುಳ್ಳೆ ಎದ್ದು ಉದುರತ್ತೆ, ಗೋಡೆ ಮೇಲಿನ ಭಾರ ಒಂದು ಕೆಜಿನೂ ಕಮ್ಮಿ ಆಗಲ್ಲ. ನೀರು ಬರೋದು ನಿಂತ ಮೇಲೆ ಕಲ್ಲಿನ ಸಂದಿ ಕೆರೆದು ಸುಣ್ಣದ ಗಾರೆ ತುಂಬಿಸಿ, ಬೇಕಾದ್ರೆ ಗ್ರೌಟ್ ಮಾಡಿಸಿ, ಅಂದ್ರೆ ಒಳಗಿನ ಟೊಳ್ಳಿಗೆ ತೆಳು ಗಾರೆ ಇಳಿಸೋದು. ಮಳೆ ಮುಗಿದಾಗ ಹೊಟ್ಟೆ ಇನ್ನೂ ಮುಂದೆ ಬಂದಿದ್ರೆ ಮಾತ್ರ ಒಳಗಡೆ ಎರಡು ಆಸರೆ ಕಂಬದ ಗೋಡೆ ಕಟ್ಟೋ ವಿಚಾರ ಮಾಡೋಣ, ಅದಕ್ಕೆ ಜಾಗ ಹೋಗತ್ತೆ, ದುಡ್ಡೂ ಹೋಗತ್ತೆ.

ಯಾರಾದ್ರೂ ಸ್ಟ್ರಕ್ಚರಲ್ ಎಂಜಿನಿಯರ್ ಹತ್ರ ಸ್ಥಳದಲ್ಲೇ ನೋಡಿಸಿ ಬರವಣಿಗೇಲಿ ರಿಪೋರ್ಟ್ ತಗೊಳ್ಳಿ. ನಿಮ್ಮೂರಲ್ಲೇ ಆದಿಚುಂಚನಗಿರಿ ಎಂಜಿನಿಯರಿಂಗ್ ಕಾಲೇಜಿದೆ, ನಮ್ಮಲ್ಲಿ ಮಲ್ನಾಡ್ ಕಾಲೇಜಿದೆ, ಸಿವಿಲ್ ವಿಭಾಗದ ಮೇಷ್ಟ್ರುಗಳನ್ನ ಕೇಳಿದ್ರೆ ಯಾರು ಒಳ್ಳೆಯವರು ಅಂತ ಹೇಳ್ತಾರೆ. ಮನೆ ಕಟ್ಟಿಸ್ಕೊಡ್ತೀನಿ ಅನ್ನೋರ ಕೈಲಿ ರಿಪೋರ್ಟ್ ಬೇಡ, ರಿಪೇರಿ ಕೆಲಸ ಯಾರಿಗೆ ಸಿಗತ್ತೋ ಅವರ ಕೈಲೂ ಬೇಡ.

ಸಬ್‌ರಿಜಿಸ್ಟ್ರಾರ್_ಎದುರುಮನೆ

ಗೋಡೆ ವಿಷಯ ದೊಡ್ಡೋರು ಹೇಳಿದಾರೆ, ಕಾಗದದ ವಿಷಯ ನಾನು ಹೇಳ್ತೀನಿ, ವಕೀಲರ ಆಫೀಸಲ್ಲಿ ಕೆಲಸ ಮಾಡೋದು ನಾನು.

1882ರ ಆಸ್ತಿ ವರ್ಗಾವಣೆ ಕಾಯ್ದೆ 55ನೇ ಸೆಕ್ಷನ್ ಪ್ರಕಾರ ಮಾರೋರಿಗೆ ಗೊತ್ತಿದ್ದು, ತಗೊಳೋರಿಗೆ ಸಾಮಾನ್ಯ ಎಚ್ಚರಿಕೆಯಿಂದ ನೋಡಿದ್ರೂ ಗೊತ್ತಾಗದೇ ಇರೋ ದೊಡ್ಡ ದೋಷ ಇದ್ರೆ ಮಾರೋರು ಅದನ್ನ ಹೇಳ್ಲೇಬೇಕು. ಆದ್ರೆ ಕಣ್ಣಿಗೆ ಕಾಣ್ತಿರೋ ಬಿರುಕಿಗೆ ಇದು ಆಸರೆ ಆಗಲ್ಲ, ನೀವು ನೋಡೇ ತಗೊಂಡಿರಿ ಅಂತಾರೆ. ಅದಕ್ಕೆ ಮಳೆಗಾಲದಲ್ಲಿ ಜಲ ಏಳತ್ತಾ, ಹಿಂದೆ ಗೋಡೆ ರಿಪೇರಿ ಮಾಡಿಸಿದ್ರಾ, ಸೆಪ್ಟಿಕ್ ಗುಂಡಿ ಎಲ್ಲಿತ್ತು, ಈ ಪ್ರಶ್ನೆಗಳನ್ನ ವಾಟ್ಸಾಪಲ್ಲೋ ಇಮೇಲಲ್ಲೋ ಕೇಳಿ, ಉತ್ತರ ಬರವಣಿಗೇಲಿ ಇರ್ಲಿ. ಬಾಯಿ ಮಾತು ಬೇಡ.

ಬ್ಯಾಂಕ್‌ನೋರು ವ್ಯಾಲ್ಯುಯೇಶನ್ ಮಾಡಿ ಓಕೆ ಅಂದ್ರು, ಅಂದ್ರೆ ಮನೆ ಗಟ್ಟಿ ಇದೆ ಅಂತ ತುಂಬಾ ಜನ ಅಂದ್ಕೋತಾರೆ. ಅವರು ನೋಡೋದು ಬ್ಯಾಂಕಿನ ಸಾಲಕ್ಕೆ ಆ ಆಸ್ತಿ ಸಾಕಾ ಅಂತ, ನಿಮ್ಮ ಗೋಡೆ ಹಿಂದೆ ನೀರು ನಿಲ್ಲತ್ತಾ ಅಂತ ಅಲ್ಲ. ಹಳೇ ಕಟ್ಟಡಕ್ಕೆ ಬೆಲೆ ಕಮ್ಮಿ ಹಾಕಿ ಜಾಗಕ್ಕೇ ಜಾಸ್ತಿ ಬೆಲೆ ಕಟ್ತಾರೆ, ಓನರ್ ಹೇಳೋ 68ಕ್ಕೂ ಅವರು ಹಾಕೋ ಬೆಲೆಗೂ ವ್ಯತ್ಯಾಸ ಬಂದ್ರೆ ಆ ವ್ಯತ್ಯಾಸ ನಿಮ್ಮ ಕೈಯಿಂದಲೇ ಹೋಗ್ಬೇಕು. ಆರ್‌ಬಿಐ ನಿಯಮದಂತೆ 30ರಿಂದ 75 ಲಕ್ಷದ ಸಾಲಕ್ಕೆ ಬೆಲೆಯ 80 ಪರ್ಸೆಂಟ್ ದಾಟಂಗಿಲ್ಲ, ಜೊತೆಗೆ 2025ರ ಆಗಸ್ಟ್ ಕೊನೆಯಿಂದ ನಮ್ಮ ರಾಜ್ಯದಲ್ಲಿ ರಿಜಿಸ್ಟ್ರೇಶನ್ ಫೀಸು 1 ಪರ್ಸೆಂಟ್ ಇದ್ದಿದ್ದು 2 ಪರ್ಸೆಂಟ್ ಆಗಿದೆ, ಸ್ಟ್ಯಾಂಪ್ ಡ್ಯೂಟಿ ಬೇರೆ. ಇದೆಲ್ಲ ಕಳೆದು ರಿಪೇರಿಗೆ ಕೈಲಿ ದುಡ್ಡು ಉಳಿಯತ್ತಾ ಅಂತ ಮೊದಲೇ ಲೆಕ್ಕ ಹಾಕಿ. ನಗರಸಭೆ ಇ-ಖಾತಾ, ಇಸಿ (ಆಸ್ತಿ ಮೇಲಿನ ಋಣಭಾರ ಪತ್ರ) ಎಲ್ಲ ವಕೀಲರು ನೋಡ್ತಾರೆ, ನೀವು ಒಂದು ಮಾತ್ರ ಕೇಳಿ: ಕೆಳಗಿನ ಕೋಣೆ ಮಂಜೂರಾದ ಪ್ಲಾನಲ್ಲಿ ಇದೆಯಾ, ಆಮೇಲೆ ಮಣ್ಣು ತೆಗೆದು ಮಾಡ್ಕೊಂಡಿದ್ದಾ? ಆಮೇಲೆ ತೋಡಿದ್ದು ಅಂದ್ರೆ ಪಾಯದ ಬಗ್ಗೆ ಎಂಜಿನಿಯರ್ ಸಾಹೇಬ್ರು ಹೇಳಿದ್ದೆಲ್ಲ ಬದಲಾಗತ್ತೆ.

ತಗೊಂಡ್ಮೇಲೆ ಇನ್ಶೂರೆನ್ಸ್ ಮಾಡಿಸಿ. 2021ರ ಏಪ್ರಿಲ್‌ನಿಂದ ಭಾರತ್ ಗೃಹ ರಕ್ಷಾ ಅಂತ ಎಲ್ಲಾ ಕಂಪನಿಗಳಲ್ಲೂ ಒಂದೇ ಥರದ ಪಾಲಿಸಿ ಇದೆ, ಭೂಕುಸಿತ, ನೆಲ ಕುಸಿಯೋದು, ಪ್ರವಾಹ ಎಲ್ಲ ಅದರಲ್ಲಿ ಬರತ್ತೆ. ಮಾಮೂಲಿ ಬಿರುಕು ಬರಲ್ಲ, ಹಂಗಾಗಿ ಇದನ್ನ ನಂಬ್ಕೊಂಡು ರಿಪೇರಿ ಮುಂದೂಡ್ಬೇಡಿ.

ಬಸವನಹಳ್ಳಿ_ಮೇಸ್ತ್ರಿ

ಎಂಜಿನಿಯರ್ ಸರ್ ಹೇಳಿದ್ದು ಒಪ್ತೀನಿ, ಕೋಣೆ ಒಳಗೆ ತೂತು ಬೇಡ. ಕೊಟ್ಟಿಗೆಹಾರದೋರು ಬಿಟ್ಟುಬಿಡಿ ಅಂದಿದ್ದು ಮಾತ್ರ ನಂಗೆ ಒಪ್ಪಿಗೆ ಇಲ್ಲ. ಆ ಕಾಲದ ಸೈಜುಗಲ್ಲಿನ ಗೋಡೆ, ಹೊನ್ನೆ ಬಾಗಿಲು ಇವತ್ತು 68 ಲಕ್ಷಕ್ಕೆ ಜಾಗ ಸೇರಿ ಕಟ್ಟಕ್ಕಾಗಲ್ಲ. ದೋಣಿ, ಚರಂಡಿ, ಕಾಂಕ್ರೀಟು, ಸಂದಿ ತುಂಬೋದು, ಗುಂಡಿ ದಮ್ಮಸ್ಸು, ಎಲ್ಲಕ್ಕೂ ಇಬ್ರು ಮೇಸ್ತ್ರಿಗಳ ಹತ್ರ ಬೇರೆ ಬೇರೆ ಕೊಟೇಶನ್ ಬರೆಸಿ ತಗೊಳ್ಳಿ, ಎಂಜಿನಿಯರ್ ರಿಪೋರ್ಟ್ ಜೊತೆ ಅದನ್ನ ಓನರ್ ಮುಂದೆ ಇಟ್ಟು ಅಷ್ಟು ಕಳೀರಿ ಅಂತ ಕೇಳಿ ಅಕ್ಕ. ಚೌಕಾಸಿ ಅಂತ ಬರೀ ಬಾಯಲ್ಲಿ ಎರಡು ಲಕ್ಷ ಬಿಡಿ ಅನ್ನೋದಕ್ಕಿಂತ ಕಾಗದ ತೋರಿಸಿದ್ರೆ ಅವ್ರಿಗೂ ನ್ಯಾಯ ಅನ್ನಿಸತ್ತೆ.

ಗಿರಿತಪ್ಪಲು_ಟೀಚರ್

ನಮ್ಮ ಮನೇಲಿ ಎಲ್ರೂ ಕೂತು ಈ ಉತ್ತರಗಳನ್ನ ಓದಿದ್ವಿ, ಮಾವನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಕೆಳಗಿನ ಸೈಟು ಖಾಲಿ ಇಲ್ಲ, ಅಲ್ಲಿ ಹಳೇ ಮನೆನೇ ಇದೆ, ಅವರ ಕಡೆಗೆ ಕಲ್ಲಿನ ತಡೆಗೋಡೆನೂ ಇದೆ. ಕೆಳಗಿನ ಕೋಣೆ ಹಳೇ ಪ್ಲಾನಲ್ಲಿ ಗೋಡೌನ್ ಅಂತ ತೋರಿಸಿದಾರೆ, ಓನರ್ ಮಗಳು ಕಾಪಿ ಕಳ್ಸಿದ್ರು. ಜಲದ ವಿಷಯಾನೂ ಕೇಳಿದೆ, ಎರಡು ಮೂರು ವರ್ಷದಿಂದ ಜುಲೈನಲ್ಲಿ ನೆಲ ಒದ್ದೆ ಆಗತ್ತೆ ಅಂತ ಅವರೇ ಬರೆದು ಕಳ್ಸಿದಾರೆ, ಮುಚ್ಚಿಡಲಿಲ್ಲ.

ಅವರ ಜೊತೆ ಮಾತಾಡಿದ್ವಿ. ಈಗ ಸಣ್ಣ ಅಡ್ವಾನ್ಸಿಗೆ ಅಗ್ರಿಮೆಂಟ್ ಮಾಡೋದು, ದೋಣಿ ಪೈಪು ಮತ್ತೆ ಗೇಟಿನ ಚರಂಡಿ ಕೆಲಸ ಅವರ ಖರ್ಚಲ್ಲಿ ಮಳೆಗೆ ಮುಂಚೆ ಮಾಡ್ಸೋದು, ಆಶ್ಲೇಷ ಮಳೆ ಕಳೆದ ಮೇಲೆ ಎಂಜಿನಿಯರ್ ಇನ್ನೊಂದು ಸಲ ನೋಡಿ ಗೋಡೆ ಕದಲಿಲ್ಲ ಅಂದ್ರೆ ರಿಜಿಸ್ಟ್ರೇಶನ್, ಕದಲಿದ್ರೆ ಅಡ್ವಾನ್ಸ್ ವಾಪಸ್, ಇದನ್ನೆಲ್ಲ ಅಗ್ರಿಮೆಂಟಲ್ಲಿ ಬರೆಸೋದು ಅಂತ ಕೇಳಿದೀವಿ. ಅವರು ಅಣ್ಣನ ಹತ್ರ ಕೇಳಿ ಹೇಳ್ತೀನಿ ಅಂದಿದಾರೆ. ಅಣ್ಣ ಒಪ್ಪಲಿಲ್ಲ ಅಂದ್ರೆ ನಾವು ಬೇರೆ ಮನೆ ನೋಡೋದೇ, ಅತ್ತೆಗೂ ಹೇಳಿದೀವಿ, ಅವರಿಗೆ ಬೇಜಾರಾದ್ರೂ ಒಪ್ಪಿದಾರೆ.

ಎಂಜಿನಿಯರ್ ಸರ್, ಗೋಡೆ ಕದಲ್ತಿದೆಯಾ ಅಂತ ನೋಡೋಕೆ ಬಿರುಕಿನ ಮೇಲೆ ಗಾಜಿನ ಪಟ್ಟಿ ಅಂಟಿಸ್ತಾರಂತೆ ಅಲ್ವಾ, ನಮ್ ಮೇಸ್ತ್ರಿ ಪಿಒಪಿ ಹಾಕಿ ಅಂಟಿಸ್ತೀನಿ ಅಂತಿದಾರೆ. ಆ ಥಂಡಿ ಗೋಡೇಲಿ ಅದು ನಿಲ್ಲತ್ತಾ?

ಹಾಸನ_ಸ್ಟ್ರಕ್ಚರಲ್

ನಿಲ್ಲಲ್ಲ ಮೇಡಂ, ಪಿಒಪಿ ಒದ್ದೆ ಗೋಡೇಲಿ ಮೆತ್ತಗಾಗಿ ಬಿಟ್ಕೊಳತ್ತೆ, ಆಗ ಗೋಡೆ ಕದಲಿದ್ರೂ ಗಾಜು ಒಡೆಯಲ್ಲ, ಎಲ್ಲ ಸರಿಯಿದೆ ಅಂತ ಅಂದ್ಕೋತೀರಿ. ಎರಡು ಟ್ಯೂಬಿನ ಎಪಾಕ್ಸಿ ಅಂಟು ತಗೊಳ್ಳಿ, ಅಂಟಿಸೋ ಜಾಗದಲ್ಲಿ ಪ್ಲಾಸ್ಟರ್ ಟೊಳ್ಳಿದ್ರೆ ಕೆತ್ತಿ ಕಲ್ಲಿಗೇ ಅಂಟಿಸಿ, ಈಗ ಗೋಡೆ ಒಣಗಿರೋವಾಗಲೇ ಮಾಡಿ. ತೆಳು ಗಾಜು ಸಾಕು, ಬಿರುಕಿನ ಎರಡೂ ಕಡೆ ತುದಿಗೆ ಮಾತ್ರ ಅಂಟು, ಮಧ್ಯದಲ್ಲಿ ಬೇಡ. ಅಡ್ಡ ಬಿರುಕಿಗೆ ಮೂರು ಕಡೆ, ಮೆಟ್ಟಿಲು ಬಿರುಕಿಗೆ ಮೇಲೊಂದು ಕೆಳಗೊಂದು. ಪ್ರತಿ ಗಾಜಿನ ಮೇಲೂ ತಾರೀಕು ಬರೀರಿ. ಬಿರುಕಿನ ಎರಡೂ ತುದೀಲಿ ಪೆನ್ಸಿಲ್ ಗೆರೆ ಎಳೆದು ಅಲ್ಲೂ ತಾರೀಕು ಹಾಕಿ, ಉದ್ದ ಬೆಳೆದ್ರೆ ಗೊತ್ತಾಗತ್ತೆ. ಗುಂಡು ಇಳಿಬಿಟ್ಟು ಅಳೆದ ಜಾಗಗಳಲ್ಲಿ ಮೇಲೆ ಮೊಳೆ ಹೊಡೆದಿಡಿ, ಆಗಸ್ಟಲ್ಲೂ ಅದೇ ಮೊಳೆಯಿಂದ ಅಳೀಬೇಕು. ಕೋಣೆ ಬೀಗದ ಕೈ ಒಂದು ಪಕ್ಕದ ಮನೆ ಅಜ್ಜಿ ಹತ್ರ ಇಡೋಕೆ ಓನರನ್ನ ಕೇಳಿ, ಜೋರು ಮಳೆ ಬಂದ ಮಾರನೇ ದಿನ ನೀವೇ ಹೋಗಿ ಫೋಟೋ ತೆಗೀರಿ.